ಇಸಿಜಿ ಕಾಗದದ ಮೇಲೆ ‘ಅಬ್‌ನಾರ್ಮಲ್’ ಅಂತ ಬಂದಿದೆ, ಏನು ಮಾಡಲಿ?

ಪ್ರಶ್ನೆ: ನನಗೆ 52 ವರ್ಷ, ಊರು ರಾಣೆಬೆನ್ನೂರಿನ ಹತ್ತಿರ. ನಾಲ್ಕು ವರ್ಷದಿಂದ ಶುಗರ್‌ಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಹೋದ ತಿಂಗಳು ಶಿಬಿರದಲ್ಲಿ ಇಸಿಜಿ ಮಾಡಿದರು. ಕಾಗದದಲ್ಲಿ ‘ಅಬ್‌ನಾರ್ಮಲ್ ಇಸಿಜಿ, ಸೆಪ್ಟಲ್ ಇನ್‌ಫಾರ್ಕ್ಟ್, ಏಜ್ ಅನ್‌ಡಿಟರ್ಮಿನ್ಡ್’ ಎಂದಿದೆ. ಕ್ಯೂಟಿಸಿ 438. ಎದೆನೋವು ಯಾವತ್ತೂ ಬಂದಿಲ್ಲ. ಮಗ ಮೊಬೈಲಿನಲ್ಲಿ ಹುಡುಕಿ ಹಾರ್ಟ್ ಅಟ್ಯಾಕ್ ಅಂದ. ಅವತ್ತಿನಿಂದ ಮೆಟ್ಟಿಲು ಹತ್ತುವುದಕ್ಕೂ ಭಯ.

ಉತ್ತರ: ಅಮ್ಮ, ನೀವು ಕಳಿಸಿದ ಫೋಟೋ ನೋಡಿದೆ. ಅದರ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಅನ್‌ಕನ್‌ಫರ್ಮ್ಡ್’ ಎಂದಿದೆ. ಯಂತ್ರ ತನ್ನ ಲೆಕ್ಕ ಹೇಳಿದೆ, ಡಾಕ್ಟರು ಇನ್ನೂ ನೋಡಿಲ್ಲ ಅಂತ ಅರ್ಥ. ‘ಏಜ್’ ಅಂದರೆ ನಿಮ್ಮ ವಯಸ್ಸಲ್ಲ. ಹೃದಯದ ನಡುಗೋಡೆಗೆ ಹಿಂದೆಂದೋ ಪೆಟ್ಟು ಬಿದ್ದಿರಬಹುದು, ಯಾವಾಗ ಅಂತ ಗೊತ್ತಾಗುತ್ತಿಲ್ಲ ಎನ್ನುತ್ತಿದೆ, ಅಷ್ಟೆ.

ಹೀಗೆ ಬರಲು ಒಂದು ಸಾಮಾನ್ಯ ಕಾರಣ ಇದೆ. ಇಸಿಜಿಗೆ ಎದೆ ಮೇಲೆ ಇಡುವ ಬಿಲ್ಲೆಗಳಲ್ಲಿ ವಿ1, ವಿ2 ಎಂಬ ಎರಡು ಎದೆಮೂಳೆಯ ಆಚೀಚೆ, ನಾಲ್ಕನೇ ಪಕ್ಕೆಲುಬಿನ ಕೆಳಗಿನ ಸಂದಿನಲ್ಲಿ ಕೂರಬೇಕು. ಶಿಬಿರದ ಗದ್ದಲ, ಅರೆಬರೆ ಪರದೆ, ರವಿಕೆ ಸರಿಸಲು ಸಂಕೋಚ. ಬಿಲ್ಲೆ ಒಂದೆರಡು ಪಕ್ಕೆಲುಬು ಮೇಲೆ ಕೂತುಬಿಡುತ್ತದೆ. ಆಗ ಮೇಲಕ್ಕೇಳಬೇಕಾದ ಪುಟ್ಟ ಗೆರೆ ಕಾಣಿಸುವುದೇ ಇಲ್ಲ. ಯಂತ್ರ ಅದನ್ನು ಹಳೆಯ ಅಟ್ಯಾಕ್ ಎಂದು ಬರೆಯುತ್ತದೆ.

ನನ್ನ ತಾಯಿಯ ಇಸಿಜಿಯಲ್ಲೂ ಯಂತ್ರ ತಪ್ಪಿತ್ತು. ಡಿಸೆಂಬರ್ ಬೆಳಗ್ಗೆ, ತಣ್ಣನೆಯ ಕೋಣೆ, ಅಮ್ಮನ ಕೈ ನಡುಗುತ್ತಿತ್ತು. ‘ಏಟ್ರಿಯಲ್ ಫಿಬ್ರಿಲೇಶನ್’ ಎಂದು ಬಂತು, ಅಂದರೆ ಲಯ ತಪ್ಪಿದ ಬಡಿತ. ಕಂಬಳಿ ಹೊದಿಸಿ, ಅಂಗೈ ಉಜ್ಜಿ, ಹತ್ತು ನಿಮಿಷ ಬಿಟ್ಟು ಮತ್ತೆ ತೆಗೆಸಿದೆ. ಪ್ರತಿ ಎತ್ತರದ ಗೆರೆಯ ಮುಂದೆ ಒಂದು ಪುಟ್ಟ ಗುಬ್ಬು, ನಡುವಿನ ಅಂತರ ಒಂದೇ ಸಮ. ಲಯ ತಪ್ಪಿದ್ದರೆ ಆ ಗುಬ್ಬು ಇರುವುದಿಲ್ಲ. ಮೊದಲ ಕಾಗದದಲ್ಲಿ ಇದ್ದದ್ದು ಕೈಯ ನಡುಕ.

ಹಾಗಂತ ಸುಮ್ನೆ ಕೂರಬೇಡಿ. ಶುಗರ್ ಇರುವವರಿಗೆ ನೋವೇ ಇಲ್ಲದೆ ಅಟ್ಯಾಕ್ ಆಗಿಹೋಗುವುದುಂಟು. ಈ ವಾರವೇ ಫಿಜಿಶಿಯನ್ ಹತ್ತಿರ ಹೋಗಿ. ಬಿಲ್ಲೆ ಸರಿಯಾದ ಜಾಗದಲ್ಲಿಟ್ಟು ಇನ್ನೊಮ್ಮೆ ತೆಗೆಯಿರಿ ಎಂದು ಬಾಯಿಬಿಟ್ಟು ಕೇಳಿ. ಗೆರೆ ಮತ್ತೆ ಹಾಗೇ ಬಂದರೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿ. ಹೃದಯದ ಗೋಡೆ ಸರಿಯಾಗಿ ಕುಗ್ಗುತ್ತಿದೆಯೋ ಇಲ್ಲವೋ ಅದರಲ್ಲಿ ಕಣ್ಣಿಗೇ ಕಾಣುತ್ತದೆ. ಎದೆ ಬಿಗಿತ, ತಣ್ಣನೆ ಬೆವರು, ದವಡೆ ಅಥವಾ ತೋಳಿನ ನೋವು, ಉಬ್ಬುಸ ಬಂದರೆ ಮಾತ್ರ ವಾರ ಕಾಯಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ. ಹಿಂದಿನ ಇಸಿಜಿ ‘ನಾರ್ಮಲ್’ ಇದ್ದವರಿಗೂ ಇದೇ ಮಾತು.

ಇನ್ನು ಕ್ಯೂಟಿಸಿ ಅಂದರೆ, ಒಂದು ಬಡಿತದ ವಿದ್ಯುತ್ ಹರಿದು ಹೃದಯ ಮತ್ತೆ ಸಜ್ಜಾಗಲು ಹಿಡಿಯುವ ಹೊತ್ತು. 438 ಎಂಬುದು ಮಿಲಿಸೆಕೆಂಡಿನ ಲೆಕ್ಕ. ಹೆಂಗಸರಿಗೆ 460ರವರೆಗೆ ಸರಿಯೇ.

ಆ ಕಾಗದವನ್ನು ಲ್ಯಾಮಿನೇಶನ್ ಮಾಡಿಸಬೇಡಿ, ಬಿಸಿ ತಾಗಿದರೆ ಪೂರ್ತಿ ಕಪ್ಪಾಗುತ್ತದೆ. ಜೆರಾಕ್ಸ್ ಮಾಡಿಸಿಕೊಂಡು ಡಾಕ್ಟರ ಹತ್ತಿರ ಹೋಗುವಾಗ ಎರಡನ್ನೂ ಒಯ್ಯಿರಿ.