ಆಫ್ರಿಕಾದ ಸಮುದಾಯ ಕೃಷಿ ಯೋಜನೆಗಳಿಂದ ನಿಜವಾಗಿ ಬಡತನ ಕಡಿಮೆ ಆಗಿದೆಯಾ? ನಾನು ದುಡ್ಡು ಕೊಡಬಹುದಾ?

ಕೆಲವು ಕಡೆ ಆಗಿದೆ, ಬಹಳ ಕಡೆ ಆಗಿಲ್ಲ. 'ತಿಂಗಳಿಗೆ ಒಂದೆರಡು ಸಾವಿರ ರೂಪಾಯಿ ಕಳಿಸಬೇಕು ಅಂತಿದ್ದೀನಿ, ಅದು ರೈತನ ಕೈ ಸೇರುತ್ತಾ' ಅಂತಲೂ ನೀವು ಕೇಳಿದ್ದೀರಿ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಆಫ್ರಿಕಾ ಅಂದರೆ 54 ದೇಶ, ಎಲ್ಲಕ್ಕೂ ಸೇರಿಸಿ ಒಂದೇ ಮಾತು ಹೇಳಕ್ಕಾಗಲ್ಲ. ನಾನು ಕೊಪ್ಪಳ ಕಡೆ ಜಲಾನಯನ ಕೆಲಸದಲ್ಲಿದ್ದವನು, ಆಫ್ರಿಕಾಕ್ಕೆ ಹೋದವನಲ್ಲ. ಆದರೆ ಒಣಬೇಸಾಯದ ಕೆಲಸ ಮಾಡುವವರು ನೈಜರ್ ದೇಶದ ಮರಾಡಿ ಸೀಮೆಯ ಬಗ್ಗೆ ಒಂದಲ್ಲ ಒಂದು ದಿನ ಓದಿಯೇ ಓದುತ್ತಾರೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಮರಾಡಿ ಇರುವುದು ಸಹಾರಾದ ಕೆಳಗೆ, ನೈಜೀರಿಯಾ ಗಡಿಗೆ ಹತ್ತಿರ. ಸಜ್ಜೆ, ಜೋಳ, ಅಲಸಂದೆ ಅಲ್ಲಿನ ಬೆಳೆ. (ಅಂದಹಾಗೆ ನಮ್ಮ ಸಜ್ಜೆ ಮೂಲದಲ್ಲಿ ಪಶ್ಚಿಮ ಆಫ್ರಿಕಾದಿಂದಲೇ ಬಂದದ್ದು, ರಾಗಿ ಪೂರ್ವ ಆಫ್ರಿಕಾದ ಗುಡ್ಡಗಾಡಿನದು.) ಮಳೆ ಮೂರು-ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ. 1970, 80ರ ದಶಕದ ಬರಗಾಲದ ಹೊತ್ತಿಗೆ ಹೊಲಗಳಲ್ಲಿ ಮರ ಅನ್ನುವುದೇ ಉಳಿದಿರಲಿಲ್ಲ. ಮಳೆಗಾಲದ ಶುರುವಿನಲ್ಲಿ ಬೀಸುವ ಗಾಳಿ ಮರಳು ಹೊತ್ತು ತಂದು ಎಳೆ ಪೈರನ್ನು ಮುಚ್ಚಿಬಿಡುತ್ತಿತ್ತು. ರೈತ ಅದೇ ಹೊಲಕ್ಕೆ ಮೂರು ಸಲ ಬಿತ್ತಬೇಕಾಗುತ್ತಿತ್ತು. ಬೀಜ ಎಲ್ಲಿಂದ ತರಬೇಕು?

ಯೋಜನೆಗಳು ಆಗಲೂ ಬೇಕಾದಷ್ಟು ಇದ್ದವು. ನರ್ಸರಿ ಮಾಡಿ ಸಸಿ ಹಂಚುವುದು, ನೆಡುವುದು. ಬಹುಪಾಲು ಸಸಿ ಒಣಗುತ್ತಿದ್ದವು. ಟೋನಿ ರಿನಾಡೋ ಅನ್ನುವ ಆಸ್ಟ್ರೇಲಿಯಾದ ಮಿಷನರಿ ಕೂಡ ಇದನ್ನೇ ಮಾಡುತ್ತಿದ್ದರು. 1983ರಲ್ಲಿ ಒಂದು ದಿನ ಸಸಿ ತುಂಬಿದ ಟ್ರೇಲರ್ ಎಳೆದುಕೊಂಡು ಹೊರಟವರು, ಮರಳಿನಲ್ಲಿ ಗಾಡಿ ಹೂತುಕೊಳ್ಳದಿರಲಿ ಅಂತ ಟೈರಿನ ಗಾಳಿ ಇಳಿಸಲು ನಿಂತರು. ಪಕ್ಕದಲ್ಲಿದ್ದ ಪೊದೆಯ ಎಲೆ ನೋಡಿದರು. ಅದು ಪೊದೆ ಆಗಿರಲಿಲ್ಲ. ಕಡಿದ ಮರದ ಬೊಡ್ಡೆಯಿಂದ ಒಡೆದ ಚಿಗುರು ಅದು. ಬೇರು ನೆಲದಡಿ ಜೀವಂತ ಇತ್ತು. ರೈತರು ಪ್ರತಿ ವರ್ಷ ಕಸದ ಜೊತೆ ಅದನ್ನೂ ಸವರಿ, ಸುಟ್ಟು ಬಿತ್ತನೆ ಮಾಡುತ್ತಿದ್ದರು.

ಆಮೇಲಿನ ಕೆಲಸ ಬಹಳ ಸುಲಭದ್ದು. ಒಂದು ಬೊಡ್ಡೆಯಲ್ಲಿ ಹತ್ತಿಪ್ಪತ್ತು ಚಿಗುರು ಬಂದಿರುತ್ತವೆ. ಗಟ್ಟಿಯಾದ ಮೂರೋ ನಾಲ್ಕೋ ಉಳಿಸಿ, ಮಿಕ್ಕಿದ್ದು ಕತ್ತರಿಸಿ ಉರುವಲಿಗೆ ಒಯ್ಯಬೇಕು. ಉಳಿಸಿದ್ದರ ಕೆಳಗಿನ ಕೊಂಬೆ ಸವರಬೇಕು. ಒಂದು ಕುಡುಗೋಲು ಸಾಕು. ಬೇರು ಹಳೆಯದಾದ್ದರಿಂದ ಬೇಗ ಎತ್ತರಕ್ಕೆ ಹೋಗುತ್ತದೆ. ಅಲ್ಲಿನ ಗಾವೋ ಮರವಂತೂ ಮಳೆಗಾಲದಲ್ಲಿ ಎಲೆ ಉದುರಿಸಿ ಬೇಸಿಗೆಯಲ್ಲಿ ಹಸಿರಾಗಿರುತ್ತದೆ. ಸಜ್ಜೆಗೆ ನೆರಳು ಬೀಳಲ್ಲ, ದನಕ್ಕೆ ಬೇಸಿಗೆಯಲ್ಲಿ ಕಾಯಿ ಸಿಗುತ್ತದೆ.

ಇಲ್ಲಿಂದ ಮುಂದಿನದು ನಿಮ್ಮ ಪ್ರಶ್ನೆಗೆ ಜಾಸ್ತಿ ಸಂಬಂಧಪಟ್ಟದ್ದು. 1984ರಲ್ಲಿ ಭಾರೀ ಬರ ಬಂತು. ಹೊಲದಲ್ಲಿ ಮರ ಉಳಿಸಿದವರಿಗೆ ಕಾಳು ಕೊಡುತ್ತೇವೆ ಅಂದರು ರಿನಾಡೋ ಕಡೆಯವರು. ಸುಮಾರು 5 ಲಕ್ಷ ಮರ ಉಳಿದವು. ಬರ ಕಳೆಯಿತು, ಕಾಳು ಕೊಡುವುದು ನಿಂತಿತು. ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಮರ ಕೊಡಲಿಗೆ ಹೋದವು! ನಮ್ಮ ಕಡೆ ಕೂಲಿ ಇರುವತನಕ ಬದುವಿನ ಗಿಡಕ್ಕೆ ನೀರು, ಕೂಲಿ ನಿಂತ ಮಾರನೇ ದಿನ ಮೇಕೆಗೆ ಮೇವು ಆಗುವುದನ್ನು ನೋಡಿದವರಿಗೆ ಇದು ಹೊಸದಲ್ಲ.

ಆದರೆ ಎಲ್ಲರೂ ಕಡಿಯಲಿಲ್ಲ. ಉಳಿಸಿಕೊಂಡವರ ಹೊಲದಲ್ಲಿ ಗಾಳಿಗೆ ತಡೆ ಸಿಕ್ಕಿತು, ಒಂದೇ ಸಲ ಬಿತ್ತಿದರೆ ಸಾಕಾಯಿತು. ಸೌದೆ ಮಾರಿ ನಾಲ್ಕು ಕಾಸು ಬಂತು. ಪಕ್ಕದ ಹೊಲದವನು ನೋಡಿದ. ಹಾಗೆ ಹರಡಿತು. ಇನ್ನೊಂದು ಕಾರಣವೂ ಇದೆ, ಅದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು. ಫ್ರೆಂಚರ ಕಾಲದ ಕಾನೂನಿನ ಪ್ರಕಾರ ಮರ ಸರ್ಕಾರದ್ದು. ತನ್ನ ಹೊಲದ ಮರದ ಕೊಂಬೆ ಕಡಿದರೂ ರೈತನಿಗೆ ದಂಡ. ಹಾಗಿದ್ದಾಗ ಮರ ಬೆಳೆಸಿ ಯಾರು ತೊಂದರೆ ತಂದುಕೊಳ್ಳುತ್ತಾರೆ? ಅಲ್ಲಿನ ಅರಣ್ಯ ಸಿಬ್ಬಂದಿ ದಂಡ ಹಾಕುವುದನ್ನು ಬಿಟ್ಟ ಮೇಲೆ ಮರ ರೈತನದ್ದೇ ಅನ್ನುವಂತಾಯಿತು. ಊರವರು ಕೂತು, ಇನ್ನೊಬ್ಬರ ಹೊಲದ ಮರ ಕದ್ದು ಕಡಿದರೆ ಏನು ಮಾಡುವುದು, ದನ ಮೇಯಿಸುವವರು ಎಲ್ಲಿಗೆ ಹೊಡೆಯಬೇಕು ಅಂತ ಕಟ್ಟುಪಾಡು ಮಾಡಿಕೊಂಡರು. 2000ದ ದಶಕದಲ್ಲಿ ಸಂಶೋಧಕರು ಉಪಗ್ರಹದ ಚಿತ್ರ ಹೋಲಿಸಿ ನೋಡಿದಾಗ ದಕ್ಷಿಣ ನೈಜರಿನಲ್ಲಿ ಸುಮಾರು 50 ಲಕ್ಷ ಹೆಕ್ಟೇರಿನಲ್ಲಿ ಮರ ವಾಪಸ್ ಬಂದಿತ್ತು. ಸುಮಾರು 20 ಕೋಟಿ ಮರ ಅಂತ ಅಂದಾಜು. ಬಹುಪಾಲು ಯಾವ ಯೋಜನೆಯ ಫೈಲಿನಲ್ಲೂ ಇರಲಿಲ್ಲ.

ಸಮುದಾಯ ಅಂದರೆ ಇಲ್ಲಿ ಈ ಕಟ್ಟುಪಾಡು ಅಷ್ಟೇ. ಹೊಲ ಅವರವರದ್ದೇ. ಎಲ್ಲರೂ ಸೇರಿ ಒಂದೇ ಹೊಲ ಉಳುವ ಪ್ರಯೋಗ ತಾಂಜಾನಿಯಾದಲ್ಲಿ ಆಗಿದೆ. 1967ರಿಂದ ಅಲ್ಲಿನ ಅಧ್ಯಕ್ಷ ಜೂಲಿಯಸ್ ನೈರೇರೆ 'ಉಜಾಮಾ' ಹಳ್ಳಿಗಳನ್ನು ಕಟ್ಟಿದರು. ಅವರ ಉದ್ದೇಶದ ಬಗ್ಗೆ ನನಗೆ ಅನುಮಾನ ಇಲ್ಲ. ಶಾಲೆ, ನೀರು, ಆಸ್ಪತ್ರೆ ಹಳ್ಳಿಗೆ ಬಂದವು. ಆದರೆ 1973ರ ನಂತರ ಲಕ್ಷಾಂತರ ಜನರನ್ನು ಬಲವಂತವಾಗಿ ಹೊಸ ಹಳ್ಳಿಗಳಿಗೆ ಸಾಗಿಸಿದರು. ಜನ ಮೊದಲು ಸ್ವಂತ ತುಂಡು ಭೂಮಿ ನೋಡಿಕೊಂಡು, ಉಳಿದ ಹೊತ್ತಿನಲ್ಲಿ ಸಾಮೂಹಿಕ ಹೊಲಕ್ಕೆ ಹೋದರು. ನಾವಾದರೂ ಹಾಗೇ ಮಾಡುತ್ತಿದ್ದೆವು, ಅಲ್ವಾ?

ಮರಾಡಿಯಲ್ಲೇ ಇನ್ನೊಂದು ಪ್ರಯೋಗ ಹುಟ್ಟಿತು. 1991ರಲ್ಲಿ ಕೇರ್ ಅನ್ನುವ ಅಂತಾರಾಷ್ಟ್ರೀಯ ನೆರವು ಸಂಸ್ಥೆ ಹೆಂಗಸರ ಉಳಿತಾಯ ಗುಂಪು ಶುರು ಮಾಡಿತು. ನಮ್ಮ ಸ್ತ್ರೀಶಕ್ತಿ ಸಂಘ ಗೊತ್ತಿರುವವರಿಗೆ ಹೆಚ್ಚು ವಿವರಿಸಬೇಕಿಲ್ಲ. ಒಂದು ವ್ಯತ್ಯಾಸ ಹೇಳಬೇಕು: ನಮ್ಮಲ್ಲಿ ಸಂಘ ಅಂದರೆ ಬ್ಯಾಂಕ್ ಸಾಲ ಅನ್ನುವಂತಾಗಿದೆ. ಅಲ್ಲಿ ಹೊರಗಿನ ದುಡ್ಡು ಇಲ್ಲವೇ ಇಲ್ಲ. ಈಗ ಬಹಳ ದೇಶಗಳಲ್ಲಿ ನಡೆಯುವ ಪದ್ಧತಿಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ, ಅದಕ್ಕೆ ಮೂರು ಬೀಗ, ಮೂರು ಕೀಲಿ ಮೂವರ ಮನೆಯಲ್ಲಿ, ಪೆಟ್ಟಿಗೆ ನಾಲ್ಕನೆಯವಳ ಮನೆಯಲ್ಲಿ. ವಾರ ವಾರ ಎಲ್ಲರ ಎದುರಿಗೆ ತೆಗೆದು, ಎಣಿಸಿ, ಸಾಲ ಕೊಟ್ಟು, ಮತ್ತೆ ಬೀಗ. ವರ್ಷಕ್ಕೊಮ್ಮೆ ಬಡ್ಡಿ ಸಮೇತ ಪೂರ್ತಿ ಹಂಚಿಕೊಂಡು ಹೊಸದಾಗಿ ಶುರು. ಬಿತ್ತನೆ ಹೊತ್ತಿಗೆ, ಸಾಹುಕಾರನ ಬಾಗಿಲಿಗೆ ಹೋಗಬೇಕಾದ ಹೊತ್ತಿಗೆ, ಕೈಯಲ್ಲಿ ಸ್ವಲ್ಪ ದುಡ್ಡು ಇರುತ್ತದೆ. ಹಾಗಂತ ಇದೇನು ಮಂತ್ರದಂಡ ಅಲ್ಲ. ಘಾನಾ, ಮಲಾವಿ, ಉಗಾಂಡಾದಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ ಉಳಿತಾಯ ಹೆಚ್ಚಿದ್ದು, ಹೆಂಗಸರ ಮಾತಿಗೆ ಮನೆಯಲ್ಲಿ ಬೆಲೆ ಬಂದದ್ದು ಕಂಡಿತು. ಒಟ್ಟಾರೆ ಮನೆಖರ್ಚಿನ ಮಟ್ಟ ಮಾತ್ರ ಏರಲಿಲ್ಲ.

ಬುರ್ಕಿನಾ ಫಾಸೊದ ರೈತ ಯಾಕೂಬಾ ಸವಡೋಗೋ ಹೆಸರನ್ನೂ ನೀವು ಕೇಳಿರಬಹುದು. ಕಲ್ಲಿನಂತೆ ಗಟ್ಟಿಯಾದ ನೆಲದಲ್ಲಿ ಬೇಸಿಗೆಯಲ್ಲೇ ಗುಂಡಿ ತೋಡಿ, ಒಂದೊಂದು ಹಿಡಿ ಗೊಬ್ಬರ ಹಾಕಿ, ಮಳೆಗೆ ಕಾಯುವ ಹಳೆಯ ಪದ್ಧತಿಯನ್ನು ಅವರು ಸುಧಾರಿಸಿದರು. ಗೊಬ್ಬರಕ್ಕೆ ಗೆದ್ದಲು ಬಂದು ನೆಲ ಕೊರೆಯುತ್ತದೆ, ಆ ತೂತಿನಲ್ಲಿ ನೀರು ಇಳಿಯುತ್ತದೆ. 2018ರಲ್ಲಿ ಅವರಿಗೂ ರಿನಾಡೋಗೂ 'ರೈಟ್ ಲೈವ್ಲಿಹುಡ್' ಪ್ರಶಸ್ತಿ ಬಂತು. ಸವಡೋಗೋ 2023ರಲ್ಲಿ ತೀರಿಕೊಂಡರು. ಹೆಕ್ಟೇರಿಗೆ ಹತ್ತು ಸಾವಿರದಷ್ಟು ಗುಂಡಿ ತೋಡಬೇಕು, ಮನೆಯಲ್ಲಿ ದುಡಿಯುವ ಕೈ ಇಲ್ಲದ ಬಡವರಿಗೆ ಇದು ಕಷ್ಟವೇ.

ಸೋತವುಗಳ ಪಟ್ಟಿ ಉದ್ದ ಇದೆ. ಮಕ್ಕಳು ಸುತ್ತುವ ಆಟದ ಚಕ್ರದಿಂದ ನೀರೆತ್ತುವ 'ಪ್ಲೇಪಂಪ್'ಗೆ 2006ರಲ್ಲಿ ಕೋಟಿಗಟ್ಟಲೆ ಡಾಲರ್ ಘೋಷಣೆ ಆಯಿತು. ಮಕ್ಕಳು ಆಡದ ಹೊತ್ತಿನಲ್ಲಿ ಹೆಂಗಸರೇ ಸುತ್ತಬೇಕಾಯಿತು. ಕೆಟ್ಟರೆ ರಿಪೇರಿಗೆ ಜನ ಇಲ್ಲ. ನಾಲ್ಕೈದು ವರ್ಷದಲ್ಲಿ ಕೈಬಿಟ್ಟರು. ನಮ್ಮ ಬೆಂಗಳೂರಿನ ಒಂದು ಕಂಪನಿಯೂ ಇಥಿಯೋಪಿಯಾದ ಗಂಬೆಲಾದಲ್ಲಿ 1 ಲಕ್ಷ ಹೆಕ್ಟೇರ್ ಭೂಮಿ ಗುತ್ತಿಗೆ ಹಿಡಿದಿತ್ತು. ಬಾರೋ ನದಿಯ ಪ್ರವಾಹಕ್ಕೆ ಮೆಕ್ಕೆಜೋಳ ಕೊಚ್ಚಿಹೋಯಿತು, ಭೂಮಿಯ ಬಹುಪಾಲು ಬೀಳುಬಿತ್ತು. ಕೊನೆಗೆ ಅಲ್ಲಿನ ಸರ್ಕಾರ ಗುತ್ತಿಗೆ ರದ್ದು ಮಾಡಿತು. ಅದು ದಾನಧರ್ಮದ ಯೋಜನೆ ಅಲ್ಲ, ವ್ಯಾಪಾರ. ಆದರೂ ಅದನ್ನೂ ಅಭಿವೃದ್ಧಿ ಅಂತಲೇ ಕರೆದಿದ್ದರು.

ಹಾಗಾದರೆ ನೈಜರ್ ಶ್ರೀಮಂತ ಆಯಿತಾ? ಇಲ್ಲ. ಇವತ್ತಿಗೂ ಜಗತ್ತಿನ ಕಡುಬಡ ದೇಶಗಳ ಸಾಲಿನಲ್ಲೇ ಇದೆ. ಜನಸಂಖ್ಯೆ ವೇಗವಾಗಿ ಏರುತ್ತಿದೆ, 2023ರಲ್ಲಿ ಸೈನ್ಯ ಅಧಿಕಾರ ಹಿಡಿಯಿತು, ಗಡಿಯಲ್ಲಿ ಹಿಂಸೆ. ಹೊಲದ ಮರಕ್ಕೆ ಇದನ್ನೆಲ್ಲ ಸರಿಮಾಡುವ ಶಕ್ತಿ ಇಲ್ಲ. ಬರದ ವರ್ಷದಲ್ಲಿ ಸೌದೆ, ಮೇವು ಮಾರಿ ಕಾಳು ಕೊಳ್ಳುವಷ್ಟು ಆಧಾರ ಆಗುತ್ತದೆ. ಬಡ ಮನೆಗೆ ಅದು ಸಣ್ಣ ವಿಷಯ ಅಲ್ಲ.

ಈಗ ನಿಮ್ಮ ದುಡ್ಡಿನ ವಿಷಯ. ಫೋಟೋದಲ್ಲಿ ಟ್ರಾಕ್ಟರ್, ಹೊಸ ಕಟ್ಟಡ ಕಂಡರೆ ನಾನು ಹಿಂದೆ ಸರಿಯುತ್ತೇನೆ. ಸಂಸ್ಥೆಗೆ ಒಂದು ಮೇಲ್ ಹಾಕಿ: ನೀವು ಬಿಟ್ಟು ಬಂದು ಐದು ವರ್ಷ ಆದ ಊರು ಯಾವುದು, ಅಲ್ಲಿ ಈಗ ಏನು ಉಳಿದಿದೆ? ಬೆಳೆದದ್ದು, ಉಳಿಸಿದ್ದು ಯಾರ ಹೆಸರಿನಲ್ಲಿದೆ? ಉತ್ತರದಲ್ಲಿ ಊರಿನ ಹೆಸರು, ಕೆಟ್ಟುಹೋದ ಒಂದೆರಡು ಕೆಲಸದ ಪ್ರಸ್ತಾಪ ಇದ್ದರೆ ಕೊಡಿ. ಬರೀ ಬಣ್ಣದ ಪಿಡಿಎಫ್ ಬಂದರೆ ಬಿಡಿ. 'ನಿಮ್ಮ ದುಡ್ಡು ಇಂಥ ರೈತನಿಗೇ' ಅನ್ನುವ ಜಾಹೀರಾತು ನಂಬಬೇಡಿ. ಬಹಳಷ್ಟು ಸಲ ಅದು ಒಟ್ಟು ನಿಧಿಗೆ ಹೋಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ, ಊರೂರು ಸುತ್ತಿ ಕಲಿಸುವವರಿಗೂ ಸಂಬಳ ಬೇಕಲ್ಲ. ಇನ್ನೊಂದು: ವಿದೇಶದ ಸಂಸ್ಥೆಗೆ ನೇರವಾಗಿ ಕಳಿಸಿದ ದೇಣಿಗೆಗೆ ಇಲ್ಲಿ ಆದಾಯ ತೆರಿಗೆ ರಿಯಾಯಿತಿ ಸಿಗುವುದಿಲ್ಲ. ಅದನ್ನು ನಂಬಿಕೊಂಡು ಲೆಕ್ಕ ಹಾಕಿದ್ದರೆ ಈಗಲೇ ಬಿಟ್ಟುಬಿಡಿ.