ಅಪ್ಪನಿಗೆ 72 ವರ್ಷ. ಖಿನ್ನತೆಯ ತಪಾಸಣೆಗೆ ಆರೋಗ್ಯ ವಿಮೆಯ ಹಣ ಸಿಗುತ್ತದೆಯೇ?

ತಪಾಸಣೆಗಷ್ಟೇ ಆದರೆ ಸಾಮಾನ್ಯವಾಗಿ ಸಿಗುವುದಿಲ್ಲ. ಆಸ್ಪತ್ರೆಗೆ ದಾಖಲಾದರೆ ಕೇಳುವ ಹಕ್ಕು ನಿಮಗಿದೆ. ದೇಹದ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ತೊಡಕಿರುವುದು ಬೇರೆ ಕಡೆ: ಖಿನ್ನತೆಯ ಚಿಕಿತ್ಸೆ ಬಹುಪಾಲು ನಡೆಯುವುದು ಹೊರರೋಗಿ ವಿಭಾಗದಲ್ಲಿ, ಹೆಚ್ಚಿನ ಪಾಲಿಸಿಗಳು ಆ ಖರ್ಚನ್ನು ಕೊಡುವುದಿಲ್ಲ. ನಿಮ್ಮ ಪಾಲಿಸಿಯಲ್ಲಿ ಅದನ್ನೂ ಕಾಯುವ ಅವಧಿಯನ್ನೂ, ಅಂದರೆ ಪಾಲಿಸಿ ಕೊಂಡ ಮೇಲೆ ಹಣ ಕೇಳಲಾಗದ ಆರಂಭದ ಕಾಲವನ್ನೂ, ಮೊದಲು ನೋಡಿ. ಹಿಂದೆ ಮಾತ್ರೆ ತೆಗೆದುಕೊಂಡಿದ್ದರೆ ಅರ್ಜಿಯಲ್ಲಿ ಮುಚ್ಚಿಡಬೇಡಿ.

ಆದರೆ ವಿಮೆಗಾಗಿ ಕಾಯಬೇಡಿ, ದಯವಿಟ್ಟು. ಮಂಡ್ಯದಲ್ಲಿರುವ ನನ್ನ ಸೋದರತ್ತೆ ಬೇಸರ ಎಂದು ಒಮ್ಮೆಯೂ ಹೇಳಲಿಲ್ಲ. ಕಾಲು ಸೆಳೆತ, ನಿದ್ದೆಯಿಲ್ಲ, ಬಾಯಿಗೆ ರುಚಿಯಿಲ್ಲ ಎನ್ನುತ್ತಿದ್ದರು. ದಿನವೂ ಮೊಗ್ಗು ಬಿಡಿಸಿ ದಂಡೆ ಕಟ್ಟುತ್ತಿದ್ದವರ ಹಿತ್ತಲಿನಲ್ಲಿ ಮಲ್ಲಿಗೆ ಗಿಡದಲ್ಲೇ ಅರಳಿ ಉದುರುತ್ತಿತ್ತು. ವಯಸ್ಸಾಯಿತಲ್ಲ ಎಂದುಕೊಂಡು ನಾವು ಆರು ತಿಂಗಳು ಕಳೆದೆವು. ಆ ಆರು ತಿಂಗಳು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಖಿನ್ನತೆಯನ್ನು ಗುರುತಿಸಲು ಹಿರಿಯರಿಗೆಂದೇ 15 ಪ್ರಶ್ನೆಗಳ ಒಂದು ಪಟ್ಟಿ ಇದೆ. ಹೌದು ಅಥವಾ ಇಲ್ಲ ಎಂದರೆ ಸಾಕು, ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಅಂಕ 5 ದಾಟಿದರೆ ವೈದ್ಯರು ಕೂಲಂಕಷವಾಗಿ ನೋಡುತ್ತಾರೆ. ಥೈರಾಯ್ಡ್, ಬಿ12 ಕೊರತೆಯಿಂದಲೂ ಇದೇ ಲಕ್ಷಣಗಳು ಬರಬಹುದು, ಆ ರಕ್ತಪರೀಕ್ಷೆಯನ್ನೂ ಮಾಡಿಸಿ. ಮೈಸೂರಿನ ಕೆ.ಆರ್. ಆಸ್ಪತ್ರೆ ಮತ್ತು ಮಂಡ್ಯದ ಮಿಮ್ಸ್ ಎರಡೂ ಸರ್ಕಾರಿ ಆಸ್ಪತ್ರೆಗಳು, ಖರ್ಚು ಕಡಿಮೆ. ಮನೋವೈದ್ಯರನ್ನು ಅಲ್ಲೇ ಕಾಣಬಹುದು.

ಅಪ್ಪ ಬದುಕು ಸಾಕು ಎಂದರೆ ಅಂದೇ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು.