‘ಡಾರ್ಕ್ ಡಂಜನ್ಸ್’ ಸಿನಿಮಾ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಪರವೋ, ವಿರೋಧವೋ?

ಪರವೇ. ಆದರೆ ಸಿನಿಮಾ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ಈ ಗೊಂದಲ.

2014ರ ಈ ಕಿರುಚಿತ್ರಕ್ಕೆ ಮೂಲ, ಅಮೆರಿಕದ ಕ್ರೈಸ್ತ ಮತಪ್ರಚಾರಕ ಜ್ಯಾಕ್ ಚಿಕ್ 1984ರಲ್ಲಿ ಹೊರತಂದ ಅದೇ ಹೆಸರಿನ ಪುಟ್ಟ ಕಾಮಿಕ್ ಪುಸ್ತಿಕೆ. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತು, ದಾಳಗಳಲ್ಲೇ ಕಥೆ ಕಟ್ಟುವ ಆಟವಿದು. ಪುಸ್ತಿಕೆಯಲ್ಲಿ ಡೆಬ್ಬಿ ಎಂಬ ಹುಡುಗಿ ಆಟದ ಮಂತ್ರ ಕಲಿಯುತ್ತಾ ನಿಜವಾದ ಮಾಟಕ್ಕೆ ಇಳಿಯುತ್ತಾಳೆ. ಗೆಳತಿ ಮಾರ್ಸಿ, ಆಟದಲ್ಲಿ ತನ್ನ ಪಾತ್ರ ಸತ್ತಿತೆಂದು ನಿಜಕ್ಕೂ ಪ್ರಾಣ ಕಳೆದುಕೊಳ್ಳುತ್ತಾಳೆ. ಕೊನೆಗೆ ಡೆಬ್ಬಿ ಏಸುವಿಗೆ ಶರಣು, ಆಟದ ಪುಸ್ತಕಗಳು ಬೆಂಕಿಗೆ. ಚಿಕ್ ಇದನ್ನೆಲ್ಲ ತಮಾಷೆಗೆ ಬರೆದದ್ದಲ್ಲ!

ಆಗಿನ ಗಾಳಿಯೇ ಹಾಗಿತ್ತು. ಈ ಆಟ ಬಂದದ್ದು 1974ರಲ್ಲಿ. 1979ರಲ್ಲಿ ಮಿಶಿಗನ್‌ನ ವಿದ್ಯಾರ್ಥಿಯೊಬ್ಬ ಕಾಣೆಯಾದಾಗ ಪತ್ರಿಕೆಗಳು ಆಟದ ಮೇಲೆ ಗೂಬೆ ಕೂರಿಸಿದವು. ಅವನು ಹೋದದ್ದಕ್ಕೆ ಆಟ ಕಾರಣವಾಗಿರಲಿಲ್ಲ, ಆದರೆ ಭಯ ಮಾತ್ರ ಉಳಿದುಬಿಟ್ಟಿತು.

ಸಿನಿಮಾ ಬರೆದ ಜೆ.ಆರ್. ರಾಲ್ಸ್ ಸ್ವತಃ ಈ ಆಟದ ಅಭಿಮಾನಿ. ಚಿಕ್ ಅವರಿಂದಲೇ ಹಕ್ಕು ಪಡೆದು, ಕಿಕ್‌ಸ್ಟಾರ್ಟರ್ ಎಂಬ ಜಾಲತಾಣದಲ್ಲಿ ಜನರಿಂದ ಹಣ ಕೂಡಿಸಿದರು. ಜಾಣತನ ಇರುವುದು ಇಲ್ಲಿ: ಅವರು ಪುಸ್ತಿಕೆಯನ್ನು ಗೇಲಿ ಮಾಡಲಿಲ್ಲ, ನಂಬಿದವರಂತೆ ನಟಿಸಿದರು. ಸಿನಿಮಾದ ಕಾಲೇಜಿನಲ್ಲಿ ಎಲ್ಲರೂ ಸೇರಲು ಹಾತೊರೆಯುವ ಗುಂಪೆಂದರೆ ದಾಳ ಉರುಳಿಸುವವರದ್ದೇ! ನಟರು ಮುಖದಲ್ಲಿ ಒಂದು ಗೆರೆಯೂ ನಗು ತರುವುದಿಲ್ಲ. ಬೈದಂತೆ ಕಂಡು ಹೊಗಳುವ ನಮ್ಮ ವ್ಯಾಜಸ್ತುತಿಯ ದಾಯಾದಿ ಅನ್ನಬಹುದು.

ಸುಮಾರು 40 ನಿಮಿಷದ ಚಿತ್ರ, ಮಧ್ಯೆ ಸ್ವಲ್ಪ ಎಳೆದಂತಿದೆ. ಮೊದಲು ಪುಸ್ತಿಕೆ ಓದಿ, ಆಮೇಲೆ ನೋಡಿ.